ಟಿ. ಬಾಲಸರಸ್ವತಿ: ಒಬ್ಬ ಕಲಾವಿದೆಯ ಕಲಿಕೆ ಮತ್ತು ಕಲಿಸುವಿಕೆ

ಬೋಧನಾಭ್ಯಾಸಕ್ಕೆ ಹೊರಡುವ ಹೊತ್ತಿಗೆ ನಮ್ಮ ಪ್ರಶಿಕ್ಷಣಾರ್ಥಿಗಳಿಗೆ ಕಲಿಕೆಯ ನಿಯಮಗಳೆಲ್ಲ ಬಾಯಿಪಾಠವಾಗಿರುತ್ತವೆ. ಸರಳದಿಂದ ಕ್ಲಿಷ್ಟಕ್ಕೆ, ಮೂರ್ತದಿಂದ ಅಮೂರ್ತಕ್ಕೆ ಎಂಬ ಸೂತ್ರಗಳನ್ನು ಪರೀಕ್ಷೆಯಲ್ಲಿ ಬರೆದು ಅಂಕವನ್ನೂ ಪಡೆದಿರುತ್ತಾರೆ. ಈ ಮಾತುಗಳು ಒಬ್ಬ ಮನುಷ್ಯಳ ಮೈಯಲ್ಲಿ, ಇಡೀ ಬದುಕಿನಲ್ಲಿ ಹೇಗೆ ನಡೆದುಹೋದವು ಎಂಬುದನ್ನು ನೋಡಬೇಕಾದರೆ ಭರತನಾಟ್ಯದ ಮಹಾನ್ ಕಲಾವಿದೆ ತಂಜಾವೂರು ಬಾಲಸರಸ್ವತಿಯವರ (1918–1984) ಜೀವನವನ್ನು ಗಮನಿಸಬೇಕು. ಅವರು ಯಾವ ಶಿಕ್ಷಣ ಶಾಸ್ತ್ರವನ್ನೂ ಬರೆದವರಲ್ಲ. ಆದರೆ ಕಲಿಯುವುದು ಎಂದರೇನು, ಕಲಿತದ್ದು ತನ್ನದಾಗುವುದು ಯಾವಾಗ ಎಂಬ ಪ್ರಶ್ನೆಗಳಿಗೆ ಅವರ ಬದುಕಿನಲ್ಲಿ ಉತ್ತರಗಳು ಸಿಗುತ್ತವೆ.

ಮನೆಯೇ ಮೊದಲ ಶಾಲೆ

ಬಾಲಸರಸ್ವತಿ ಹುಟ್ಟಿದ್ದು 1918ರ ಮೇ 13ರಂದು, ಮದರಾಸಿನಲ್ಲಿ. ಅಜ್ಜಿ ವೀಣಾ ಧನಮ್ಮಾಳ್ ದಕ್ಷಿಣ ಭಾರತದ ಸಂಗೀತ ಲೋಕದಲ್ಲಿ ದೊಡ್ಡ ಹೆಸರು. ತಾಯಿ ಜಯಮ್ಮಾಳ್ ಗಾಯಕಿ. ಈ ಮನೆತನದ ಹೆಂಗಸರು ತಲೆಮಾರುಗಳಿಂದ ಸಂಗೀತ ಮತ್ತು ನೃತ್ಯವನ್ನು ಕಾಪಾಡಿಕೊಂಡು ಬಂದವರು. ಅವರ ಹಿರಿಯರಲ್ಲೊಬ್ಬರಾದ ಪಾಪಮ್ಮಾಳ್ ತಂಜಾವೂರಿನ ಆಸ್ಥಾನದಲ್ಲಿದ್ದವರು. ಶುಕ್ರವಾರದ ಸಂಜೆಗಳಲ್ಲಿ ಧನಮ್ಮಾಳ್ ಮನೆಯಲ್ಲೇ ವೀಣೆ ನುಡಿಸುತ್ತಿದ್ದರು. ಹೆಸರಾಂತ ವಿದ್ವಾಂಸರು ಬಂದು ಸದ್ದು ಮಾಡದೆ ಕುಳಿತು ಕೇಳುತ್ತಿದ್ದರು. ಮಗು ಬೆಳೆದದ್ದು ಆ ಮೌನದ ನಡುವೆ. ರಾಗ ತಾಳಗಳನ್ನು ಪಾಠವೆಂದು ಕಲಿಯುವ ಮೊದಲೇ ಅವು ಕಿವಿಯಲ್ಲಿ ಮನೆ ಮಾಡಿದ್ದವು. ಪೂರ್ವಜ್ಞಾನ ಎಂದು ನಾವು ಪಾಠಯೋಜನೆಯ ಮೊದಲ ಕಲಂನಲ್ಲಿ ಬರೆಯುವ ಪದಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ಸಿಗುವುದು ಕಷ್ಟ.

ಆದರೆ ನೃತ್ಯದ ದಾರಿ ಸುಲಭವಾಗಿರಲಿಲ್ಲ. ದೇವದಾಸಿ ಪದ್ಧತಿಯ ವಿರುದ್ಧ ಆಗ ಚಳವಳಿ ಬಲವಾಗುತ್ತಿತ್ತು. ಆ ಪದ್ಧತಿಯೊಳಗೆ ಹೆಣ್ಣುಮಕ್ಕಳಿಗೆ ಆಗುತ್ತಿದ್ದ ಶೋಷಣೆ ನಿಜವಾಗಿತ್ತು. ಅದನ್ನು ನಿಲ್ಲಿಸಬೇಕೆಂಬ ಒತ್ತಾಯಕ್ಕೆ ಕಾರಣವಿತ್ತು. ಆ ಬಿರುಗಾಳಿಯಲ್ಲಿ ಕಲೆಯ ಮೇಲೂ ಕೆಸರು ಬಿತ್ತು. ಸದಿರ್ ಎಂದು ಕರೆಯುತ್ತಿದ್ದ ಈ ನೃತ್ಯವನ್ನು ಮಾನವಂತರ ಮನೆಯ ಮಕ್ಕಳು ಕಲಿಯಬಾರದು ಎಂಬ ಭಾವನೆ ಬೆಳೆಯಿತು. ಆ ಮನೆತನಗಳಲ್ಲೇ ಹಲವರು ಮಕ್ಕಳನ್ನು ನೃತ್ಯದಿಂದ ದೂರವಿಟ್ಟು ಹಾಡಿಗೆ ಹಚ್ಚಿದರು. ಇಂಥ ಸಮಯದಲ್ಲಿ ಮಗಳು ನೃತ್ಯವನ್ನೇ ಕಲಿಯಲಿ ಎಂದು ನಿಂತವರು ತಾಯಿ ಜಯಮ್ಮಾಳ್. ಮೈಲಾಪುರದ ಕಪಾಲೀಶ್ವರ ದೇವಸ್ಥಾನದ ಸೇವೆಯಲ್ಲಿದ್ದ ಗೌರಿ ಅಮ್ಮಾಳ್ ಅವರ ನೃತ್ಯವನ್ನು ಕಂಡ ಮಗುವಿಗೂ ಅದೇ ಬೇಕಾಯಿತು.

ಕಂದಪ್ಪ ಪಿಳ್ಳೆಯವರ ಪಾಠ

ಗುರುವಾಗಿ ದೊರೆತವರು ಕಂದಪ್ಪ ಪಿಳ್ಳೆ. ಅವರು ತಂಜಾವೂರು ಸಹೋದರರೆಂದು ಪ್ರಸಿದ್ಧರಾದ ಚಿನ್ನಯ್ಯ, ಪೊನ್ನಯ್ಯ, ಶಿವಾನಂದಂ, ವಡಿವೇಲು ಅವರ ವಂಶದವರು. ಈ ನಾಲ್ವರಲ್ಲಿ ಹಿರಿಯರಾದ ಚಿನ್ನಯ್ಯನವರು ಮುಮ್ಮಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ ಮೈಸೂರಿನ ಆಸ್ಥಾನದಲ್ಲಿದ್ದರು ಎಂಬುದನ್ನು ನಾವು ನೆನೆಯಬೇಕು. ಇಂದು ಭರತನಾಟ್ಯದ ಕಚೇರಿಗೆ ಇರುವ ಕ್ರಮವನ್ನು ರೂಪಿಸಿದವರೂ ಈ ಸಹೋದರರೇ.

ಕಂದಪ್ಪನವರ ಶಿಸ್ತು ಬಹಳ ಕಠಿಣ. ನಾಲ್ಕೈದು ವರ್ಷದ ಮಗುವಿಗೆ ಅರಮಂಡಿಯಲ್ಲಿ ಕೂತು ತಟ್ಟಡವಿನಿಂದ ಪಾಠ ಶುರು. ಅಡವು ಎಂದರೆ ನೃತ್ಯದ ಅಕ್ಷರ. ಪಾದ, ಮಂಡಿ, ಕೈ, ಕಣ್ಣು ಒಂದೇ ಹೊತ್ತಿಗೆ ಸರಿಯಾಗಿ ಕೂಡಬೇಕು. ಗುರುವು ಮರದ ಕೋಲಿನಿಂದ ಮಣೆಗೆ ತಟ್ಟುತ್ತ ಸೊಲ್ಲುಕಟ್ಟು ಹೇಳುತ್ತಾನೆ. ಶಿಷ್ಯೆ ಅದನ್ನು ಮೊದಲು ವಿಳಂಬದಲ್ಲಿ, ಆಮೇಲೆ ಅದರ ಎರಡರಷ್ಟು ವೇಗದಲ್ಲಿ, ಮತ್ತೆ ಅದರ ಎರಡರಷ್ಟು ವೇಗದಲ್ಲಿ ಮಾಡಬೇಕು. ಮೂರನೆಯ ಕಾಲದಲ್ಲಿ ಮಂಡಿ ಮೇಲೆದ್ದರೆ ಮತ್ತೆ ಮೊದಲನೆಯ ಕಾಲಕ್ಕೆ. ಹೀಗೆ ದಿನವೂ, ವರ್ಷಗಟ್ಟಲೆ.

ನಮ್ಮಲ್ಲಿ ಸೂಕ್ಷ್ಮ ಬೋಧನೆ ಎಂದು ಒಂದು ಅಭ್ಯಾಸವಿದೆ. ಪ್ರಶ್ನೆ ಕೇಳುವ ಕೌಶಲ, ಉದಾಹರಣೆ ಕೊಡುವ ಕೌಶಲ, ಕಪ್ಪು ಹಲಗೆ ಬಳಸುವ ಕೌಶಲ ಎಂದು ಬೋಧನೆಯನ್ನು ಬಿಡಿಸಿ, ಒಂದೊಂದನ್ನೇ ಕೆಲವು ನಿಮಿಷ ಮಾಡಿ, ಹಿಮ್ಮಾಹಿತಿ ಪಡೆದು, ಮತ್ತೆ ಮಾಡುತ್ತೇವೆ. ಅಡವಿನ ಪಾಠವೂ ಇದೇ ಬಗೆಯದು. ವ್ಯತ್ಯಾಸವೆಂದರೆ ನಾವು ಒಂದು ಕೌಶಲವನ್ನು ಎರಡು ಸಲ ಮಾಡಿ ದಾಖಲೆ ಪುಸ್ತಕಕ್ಕೆ ಸಹಿ ಹಾಕಿಸಿಕೊಳ್ಳುತ್ತೇವೆ. ಕಂದಪ್ಪನವರು ತಪ್ಪು ಹೋಗುವವರೆಗೆ ಮುಂದಿನ ಅಡವಿಗೆ ಬಿಡುತ್ತಿರಲಿಲ್ಲ.

1925ರಲ್ಲಿ, ಏಳನೆಯ ವಯಸ್ಸಿನಲ್ಲಿ, ಕಾಂಚೀಪುರದ ಅಮ್ಮನವರ ದೇವಸ್ಥಾನದಲ್ಲಿ ಬಾಲಸರಸ್ವತಿಯವರ ಅರಂಗೇಟ್ರಂ ನಡೆಯಿತು. ಕಂದಪ್ಪನವರ ಕಠಿಣತನವನ್ನು ಇಂದಿನ ತರಗತಿಗೆ ತರಬೇಕಾಗಿಲ್ಲ, ತರಲೂ ಬಾರದು. ಮಗುವನ್ನು ದಂಡಿಸದೆಯೂ ಪರಿಪೂರ್ಣತೆಯನ್ನು ಬೇಡಬಹುದು. ನಾವು ಅವರಿಂದ ತೆಗೆದುಕೊಳ್ಳಬೇಕಾದದ್ದು ಬೇರೆ: ಅಷ್ಟಿಷ್ಟು ಸರಿಯಾದರೆ ಸಾಕು ಎಂದು ಅವರು ತಮಗೂ ಹೇಳಿಕೊಳ್ಳಲಿಲ್ಲ, ಶಿಷ್ಯೆಗೂ ಹೇಳಲಿಲ್ಲ.

ಹೆಸರು ಬಂದ ಮೇಲೂ ವಿದ್ಯಾರ್ಥಿನಿ

ಕಾಲು ಮತ್ತು ತಾಳದ ಪಾಠ ಒಬ್ಬ ಗುರುವಿನಿಂದ ಬಂದರೆ, ಅಭಿನಯದ ಪಾಠ ಹಲವರಿಂದ ಬಂತು. ಗೌರಿ ಅಮ್ಮಾಳ್ ಪದಗಳನ್ನು ಕಲಿಸಿದರು. ಚಿನ್ನಯ್ಯ ನಾಯ್ಡು ಅವರಿಂದ ಹಾಡಿನ ಮಾತಿಗೆ ಹೊಂದುವ ಅಭಿನಯದ ಅಭ್ಯಾಸವಾಯಿತು. ಮುಂದೆ, ಬಾಲಸರಸ್ವತಿ ಆಗಲೇ ಪ್ರಸಿದ್ಧರಾಗಿದ್ದಾಗ, ಕೂಚಿಪುಡಿ ಪರಂಪರೆಯ ವೇದಾಂತಂ ಲಕ್ಷ್ಮೀನಾರಾಯಣ ಶಾಸ್ತ್ರಿಗಳ ಬಳಿ ಶಿಷ್ಯೆಯಾಗಿ ಕುಳಿತರು. ಒಂದೇ ಸಾಲನ್ನು ಮತ್ತೆ ಮತ್ತೆ ಹಾಡಿ, ಪ್ರತಿ ಸಲವೂ ಅದಕ್ಕೊಂದು ಹೊಸ ಭಾವ ಹುಡುಕುವ ಮನೋಧರ್ಮದ ಅಭಿನಯವನ್ನು ಅವರಿಂದ ಬೆಳೆಸಿಕೊಂಡರು.

ಈ ಕ್ರಮವನ್ನು ಗಮನಿಸಿ. ಮೊದಲು ಚಲನೆ ಮೈಗೆ ಬಂತು. ಆಮೇಲೆ ಮಾತಿನ ಅರ್ಥ ಕೈಗೆ ಬಂತು. ಇವೆರಡೂ ಗಟ್ಟಿಯಾದ ಮೇಲೆ ಸ್ವಾತಂತ್ರ್ಯ ಬಂತು. ನಮ್ಮ ಪ್ರಶಿಕ್ಷಣಾರ್ಥಿಗಳಲ್ಲಿ ಕೆಲವರು ಮೊದಲ ದಿನವೇ ಪಾಠ ಟಿಪ್ಪಣಿ ಬಿಟ್ಟು ಮಾತಾಡಲು ಹೋಗಿ ತೊಡಕಿಗೆ ಸಿಲುಕುತ್ತಾರೆ. ಕೆಲವರು ವರ್ಷ ಕಳೆದರೂ ಟಿಪ್ಪಣಿಯಿಂದ ತಲೆಯೆತ್ತುವುದಿಲ್ಲ. ಬಾಲಸರಸ್ವತಿಯವರ ಕಲಿಕೆ ಇಬ್ಬರಿಗೂ ಉತ್ತರ ಕೊಡುತ್ತದೆ.

ಕಳಂಕದ ಕಾಲ

1930ರ ದಶಕದಲ್ಲಿ ಮದರಾಸಿನ ಸಂಗೀತ ಅಕಾಡೆಮಿ ಈ ನೃತ್ಯಕ್ಕೆ ವೇದಿಕೆ ಕೊಟ್ಟಿತು. ಭರತನಾಟ್ಯ ಎಂಬ ಹೆಸರು ನೆಲೆಯಾಯಿತು. ಬಾಲಸರಸ್ವತಿ ಕಲ್ಕತ್ತೆಯವರೆಗೂ ಹೋಗಿ ನರ್ತಿಸಿದರು. ಉದಯಶಂಕರರಂಥ ಕಲಾವಿದರು ಅವರನ್ನು ಮೆಚ್ಚಿದರು. ಅದೇ ದಶಕದಲ್ಲಿ ರುಕ್ಮಿಣೀದೇವಿ ಅರುಂಡೇಲ್ ರಂಗಕ್ಕೆ ಬಂದು ಕಲಾಕ್ಷೇತ್ರವನ್ನು ಕಟ್ಟಿದರು. ಅವರಿಗೂ ಗೌರಿ ಅಮ್ಮಾಳ್ ಗುರುವಾಗಿದ್ದರು. ಆದರೆ ಈ ಇಬ್ಬರ ದಾರಿಗಳು ಬೇರೆಯಾದವು. ರುಕ್ಮಿಣೀದೇವಿಯವರು ಶೃಂಗಾರದ ಕೆಲವು ಅಂಶಗಳನ್ನು ಬದಿಗಿಟ್ಟು ಭಕ್ತಿಯನ್ನು ಮುಂದಿಟ್ಟರು. ಹೊಸ ವರ್ಗದ ಹೆಣ್ಣುಮಕ್ಕಳಿಗೆ ನೃತ್ಯದ ಬಾಗಿಲು ತೆರೆದರು. ಬಾಲಸರಸ್ವತಿಯವರ ನಂಬಿಕೆ ಬೇರೆ. ಶೃಂಗಾರವೇ ಭಕ್ತಿಯ ಮೇಲಿನ ಮೆಟ್ಟಿಲು, ಅದರಲ್ಲಿ ತೊಳೆದು ಶುದ್ಧ ಮಾಡಬೇಕಾದದ್ದು ಏನೂ ಇಲ್ಲ ಎಂದು ಅವರು ಕೊನೆಯವರೆಗೂ ವಾದಿಸಿದರು. ಒಬ್ಬರೇ ಗುರುವಿನಿಂದ ಕಲಿತ ಇಬ್ಬರು ಇಷ್ಟು ಭಿನ್ನವಾಗಿ ಯೋಚಿಸಿದರು, ಇಬ್ಬರೂ ಕಲೆಗೆ ಉಳಿವು ಕೊಟ್ಟರು.

1940ರ ದಶಕ ಅವರಿಗೆ ಕಷ್ಟದ ಕಾಲ. ಗುರು ಕಂದಪ್ಪ ಇನ್ನೂ ನಡುವಯಸ್ಸಿನಲ್ಲೇ ತೀರಿಕೊಂಡರು. ಹೃದಯದ ಕಾಯಿಲೆ ಕಾಡಿತು; ನರ್ತಿಸುವುದೇ ಅಪಾಯವೆಂಬ ಸ್ಥಿತಿ. 1947ರಲ್ಲಿ ಮದರಾಸು ಪ್ರಾಂತ್ಯದಲ್ಲಿ ದೇವದಾಸಿ ಪದ್ಧತಿಯನ್ನು ತಡೆಯುವ ಕಾಯ್ದೆ ಬಂತು. ಪರಂಪರೆಯ ಕುಟುಂಬದ ಕಲಾವಿದೆಯರಿಗೆ ಅವಕಾಶಗಳು ಕಡಿಮೆಯಾದವು. ತಾನು ಹುಟ್ಟಿನಿಂದ ಪಡೆದ ವಿದ್ಯೆಯೇ ತನ್ನ ಮಾನಕ್ಕೆ ಕುಂದು ಎಂದು ಸಮಾಜ ಹೇಳುತ್ತಿರುವಾಗ ಅದನ್ನು ಬಿಡದೆ ಹಿಡಿದುಕೊಳ್ಳಲು ಏನು ಬೇಕು? ಕೇವಲ ಕೌಶಲ ಸಾಲದು. ನೃತ್ಯ ಅವರಿಗೆ ಉಸಿರಾಟದಂಥ ಅಗತ್ಯವಾಗಿತ್ತು, ಪೂಜೆಯಾಗಿತ್ತು. ಆ ಅರ್ಥ ಒಳಗೆ ಇದ್ದುದರಿಂದಲೇ ಹೊರಗಿನ ಮಾತು ಅವರನ್ನು ಮುರಿಯಲಿಲ್ಲ.

ದೇಗುಲದ ದಾರಿಯಂತೆ ಒಂದು ಕಚೇರಿ

1975ರಲ್ಲಿ ತಮಿಳ್ ಇಸೈ ಸಂಘದ ಸಮ್ಮೇಳನದಲ್ಲಿ ಮಾಡಿದ ಅಧ್ಯಕ್ಷ ಭಾಷಣದಲ್ಲಿ ಬಾಲಸರಸ್ವತಿ ನೃತ್ಯ ಕಚೇರಿಯ ಕ್ರಮವನ್ನು ದೇವಸ್ಥಾನಕ್ಕೆ ಹೋಲಿಸಿದರು. ಅಲರಿಪ್ಪು ಗೋಪುರ. ಜತಿಸ್ವರ ಅರ್ಧಮಂಟಪ. ಶಬ್ದ ಎಂಬಲ್ಲಿ ಮಾತು ಮೊದಲ ಸಲ ಕಾಣಿಸಿಕೊಳ್ಳುತ್ತದೆ. ಅದು ದೊಡ್ಡ ಮಂಟಪ. ವರ್ಣ ದೇವರ ಸನ್ನಿಧಿ; ಅಲ್ಲಿ ತಾಳ, ಭಾವ, ಸಂಗೀತ ಎಲ್ಲವೂ ತುಂಬಿ ನಿಲ್ಲುತ್ತವೆ. ಆಮೇಲೆ ಪದಗಳು, ಗರ್ಭಗುಡಿಯ ತಂಪು ಮತ್ತು ಮೌನ. ಕೊನೆಗೆ ತಿಲ್ಲಾನ, ಘಂಟೆಯ ಸದ್ದಿನೊಡನೆ ಬೆಳಗುವ ಕರ್ಪೂರದಾರತಿ.

ಪಾಠಯೋಜನೆಗೆ ಹಂತಗಳು ಏಕೆ ಬೇಕು ಎಂದು ಕೇಳುವ ಪ್ರಶಿಕ್ಷಣಾರ್ಥಿಗೆ ಈ ಹೋಲಿಕೆಯನ್ನು ಹೇಳಬಹುದು. ಪೀಠಿಕೆಯಿಂದ ಗರ್ಭಗುಡಿಗೆ ಜಿಗಿಯಲು ಬರುವುದಿಲ್ಲ. ಗೋಪುರದ ಬಳಿಯೇ ನಿಂತು ಅವಧಿ ಮುಗಿಸಿದರೂ ದರ್ಶನವಾಗುವುದಿಲ್ಲ.

ಕನ್ನಡದ ಒಂದು ಹಾಡು

ಬಾಲಸರಸ್ವತಿಯವರ ಅಭಿನಯಗಳಲ್ಲಿ ತುಂಬ ಹೆಸರಾದದ್ದು ಒಂದು ಕನ್ನಡ ದೇವರನಾಮ: ವ್ಯಾಸರಾಯರ ಹೆಸರಿನಲ್ಲಿ ನಮ್ಮ ಮನೆಮನೆಗಳಲ್ಲಿ ಹಾಡುವ ‘ಕೃಷ್ಣಾ ನೀ ಬೇಗನೆ ಬಾರೋ’. ತಮಿಳು ಮನೆಮಾತಿನ ಕಲಾವಿದೆ ಈ ಹಾಡನ್ನು ತಾವೇ ಹಾಡುತ್ತ ಅಭಿನಯಿಸುತ್ತಿದ್ದರು. ತಾಯಿಯೊಬ್ಬಳು ಮಗುವನ್ನು ಕರೆಯುವುದು, ಇಷ್ಟೇ ಸಂಗತಿ. ಆ ಕರೆಯಲ್ಲಿ ಮುದ್ದು ಇದೆ, ಹುಸಿಕೋಪ ಇದೆ, ಬೇಡಿಕೆ ಇದೆ. ಮಗು ದೇವರೆಂದು ಹೊಳೆದಾಗ ಬೆರಗೂ ಇದೆ. ಸಾಲು ಬದಲಾಗದೆ ಉಳಿಯುತ್ತದೆ, ಕರೆಯುವ ಮನಸ್ಸು ಬದಲಾಗುತ್ತ ಹೋಗುತ್ತದೆ.

ಹುಡುಗನಾಗಿದ್ದಾಗ ಕಲ್ಕತ್ತೆಯಲ್ಲಿ ಅವರ ನೃತ್ಯ ಕಂಡಿದ್ದ ಸತ್ಯಜಿತ್ ರಾಯ್, 1976ರಲ್ಲಿ ಅವರ ಮೇಲೆ ‘ಬಾಲಾ’ ಎಂಬ ಸಾಕ್ಷ್ಯಚಿತ್ರ ಮಾಡಿದರು. ಅದರಲ್ಲಿ ಈ ಹಾಡನ್ನು ಕಡಲತೀರದಲ್ಲಿ ಚಿತ್ರಿಸಲಾಗಿದೆ. ಗಾಳಿ ಸೀರೆಯನ್ನು ಎಳೆಯುತ್ತಿದೆ, ಹಿಂದೆ ಅಲೆಗಳಿವೆ, ಐವತ್ತೆಂಟರ ಆಸುಪಾಸಿನ ಹೆಂಗಸು ಕಾಣದ ಮಗುವನ್ನು ಕರೆಯುತ್ತಿದ್ದಾರೆ. ಭಾಷಾ ಬೋಧನೆಯ ಪ್ರಶಿಕ್ಷಣಾರ್ಥಿಗಳು ಇದನ್ನು ನೋಡಲೇಬೇಕು. ಪದ್ಯ ಪಾಠದಲ್ಲಿ ನಾವು ಪದಾರ್ಥ, ಭಾವಾರ್ಥ ಎಂದು ಬರೆಸಿ ಮುಗಿಸುವ ಸಾಲಿನೊಳಗೆ ಎಷ್ಟು ಜಾಗವಿದೆ ಎಂಬುದು ಆಗ ಗೊತ್ತಾಗುತ್ತದೆ.

ಗುರುವಿನ ಸ್ಥಾನದಲ್ಲಿ

1953ರಲ್ಲಿ ಮದರಾಸಿನ ಸಂಗೀತ ಅಕಾಡೆಮಿಯ ನೃತ್ಯ ಶಾಲೆ ಬಾಲಸರಸ್ವತಿಯವರ ನೇತೃತ್ವದಲ್ಲಿ ಆರಂಭವಾಯಿತು. ಕಂದಪ್ಪನವರ ಮಗ ಗಣೇಶನ್ ಅವರೊಡನೆ ಇದ್ದರು. 1961ರಲ್ಲಿ ಟೋಕಿಯೋ, 1962ರಲ್ಲಿ ಅಮೆರಿಕ, 1963ರಲ್ಲಿ ಎಡಿನ್‌ಬರೋ ಉತ್ಸವದಲ್ಲಿ ನರ್ತಿಸಿದರು. ಅಮೆರಿಕದ ವೆಸ್ಲಿಯನ್ ವಿಶ್ವವಿದ್ಯಾಲಯದಲ್ಲೂ ಇತರೆಡೆಗಳಲ್ಲೂ ಕಲಿಸಿದರು. ಸೋದರರಾದ ಮೃದಂಗ ವಿದ್ವಾನ್ ರಂಗನಾಥನ್ ಮತ್ತು ಕೊಳಲು ವಿದ್ವಾನ್ ವಿಶ್ವನಾಥನ್ ಅಲ್ಲಿ ಸಂಗೀತ ಕಲಿಸಿದರು. ರಾಗ ತಾಳಗಳ ಹಿನ್ನೆಲೆಯೇ ಇಲ್ಲದ ವಿದ್ಯಾರ್ಥಿಗಳಿಗೂ ಬಾಲಸರಸ್ವತಿ ಪಾಠವನ್ನು ಹಗುರ ಮಾಡಿ ಕೊಡಲಿಲ್ಲ. ಸಂಗೀತ ಬಾರದವರಿಗೆ ಅಭಿನಯ ಒಲಿಯದು ಎಂಬುದು ಅವರ ನಿಲುವು. ಮಗಳು ಲಕ್ಷ್ಮಿಯವರೂ ತಾಯಿಯ ಪರಂಪರೆಯನ್ನು ಮುಂದುವರಿಸಿದರು.

1955ರಲ್ಲಿ ಸಂಗೀತ ನಾಟಕ ಅಕಾಡೆಮಿ ಪ್ರಶಸ್ತಿ, 1957ರಲ್ಲಿ ಪದ್ಮಭೂಷಣ, 1977ರಲ್ಲಿ ಪದ್ಮವಿಭೂಷಣ ಬಂದವು. ಸಂಗೀತ ವಿದ್ವಾಂಸರಿಗೆ ಸಲ್ಲುತ್ತಿದ್ದ ಸಂಗೀತ ಕಲಾನಿಧಿ ಬಿರುದು 1973ರಲ್ಲಿ ಈ ನರ್ತಕಿಗೆ ಸಂದಿತು. 1984ರ ಫೆಬ್ರವರಿ 9ರಂದು ಅವರು ತೀರಿಕೊಂಡರು.

ತರಗತಿಯಲ್ಲಿ ಚರ್ಚೆಗೆ

ಈ ಜೀವನವನ್ನು ಪ್ರೌಢಶಾಲೆಯ ತರಗತಿಯಲ್ಲಿ ಹೇಳುವ ಪ್ರಶಿಕ್ಷಣಾರ್ಥಿ ಇಸವಿ, ಪ್ರಶಸ್ತಿಗಳ ಪಟ್ಟಿಯನ್ನು ಮುಂದಿಡದೆ ಕೆಳಗಿನ ಪ್ರಶ್ನೆಗಳಿಂದ ಹೊರಡುವುದು ಒಳ್ಳೆಯದು.

1. ಒಂದೇ ಅಡವನ್ನು ವರ್ಷಗಟ್ಟಲೆ ಮಾಡುವುದು ಯಾಂತ್ರಿಕ ಅಭ್ಯಾಸವೇ? ಅದು ಅರ್ಥಪೂರ್ಣವಾಗುವುದು ಯಾವಾಗ?

2. ಅನಿಷ್ಟವಾದ ಒಂದು ಪದ್ಧತಿಯನ್ನು ತೊಡೆದುಹಾಕುವಾಗ ಅದರ ಮಡಿಲಲ್ಲಿ ಬೆಳೆದ ವಿದ್ಯೆಯನ್ನೂ ವಿದ್ಯಾವಂತರನ್ನೂ ಉಳಿಸಿಕೊಳ್ಳುವುದು ಹೇಗೆ?

3. ನಿಮ್ಮ ಊರಿನಲ್ಲಿ ಮನೆತನದಿಂದ ಬಂದ ವಿದ್ಯೆಯನ್ನು ಹೇಳಿಕೊಳ್ಳಲು ಹಿಂಜರಿಯುವ ಮಕ್ಕಳಿದ್ದಾರೆಯೇ? ಮಡಕೆ ಮಾಡುವ, ವಾದ್ಯ ನುಡಿಸುವ, ಆಟ ಕಟ್ಟುವ ಮನೆಯ ಆ ಮಗುವಿಗೆ ನಿಮ್ಮ ತರಗತಿಯಲ್ಲಿ ಯಾವ ಸ್ಥಾನವಿದೆ?

ಮೂರನೆಯ ಪ್ರಶ್ನೆಗೆ ಉತ್ತರವನ್ನು ಪುಸ್ತಕದಲ್ಲಿ ಹುಡುಕಬೇಕಾಗಿಲ್ಲ. ಬೋಧನಾಭ್ಯಾಸದ ಶಾಲೆಯಲ್ಲಿ ಹಾಜರಿ ಕರೆಯುವಾಗ ಮಕ್ಕಳ ಮುಖವನ್ನು ಒಮ್ಮೆ ಸರಿಯಾಗಿ ನೋಡಿದರೆ ಅದು ಆರಂಭವಾಗುತ್ತದೆ.