ಲೆವ್ ಆರ್ಟ್ಸಿಮೋವಿಚ್: ಅಳತೆಗೋಲನ್ನು ಎದುರಾಳಿಯ ಕೈಗಿತ್ತ ವಿಜ್ಞಾನಿ

ವೈದ್ಯರಾದ ನಮಗೆ ಪ್ಲಾಸ್ಮಾ ಎಂದರೆ ರಕ್ತದ ದ್ರವಾಂಶ. ಭೌತವಿಜ್ಞಾನಿಗಳಿಗೆ ಅದು ದ್ರವ್ಯದ ನಾಲ್ಕನೆಯ ಸ್ಥಿತಿ: ಅತಿಯಾದ ಶಾಖದಲ್ಲಿ ಪರಮಾಣುಗಳು ಎಲೆಕ್ಟ್ರಾನುಗಳನ್ನು ಕಳೆದುಕೊಂಡು ವಿದ್ಯುದಾವೇಶದ ಅನಿಲವಾಗುವ ಸ್ಥಿತಿ. ಸೂರ್ಯನ ಒಡಲೆಲ್ಲ ಇಂತಹ ಪ್ಲಾಸ್ಮಾ. ಅಲ್ಲಿ ಹೈಡ್ರೋಜನ್ ಬೀಜಗಳು ಬೆಸೆದು ಹೀಲಿಯಂ ಆಗುವಾಗ ಹೊಮ್ಮುವ ಶಕ್ತಿಯೇ ನಮ್ಮ ಹಗಲು. ಬೈಜಿಕ ಸಮ್ಮಿಲನ ಎನ್ನುವ ಆ ಕ್ರಿಯೆಯನ್ನು ಭೂಮಿಯ ಮೇಲೆ ನಡೆಸುವ ಪ್ರಯತ್ನಕ್ಕೆ ತನ್ನ ಬಾಳಿನ ಎರಡು ದಶಕಗಳನ್ನು ಮುಡಿಪಿಟ್ಟವನು ಸೋವಿಯತ್ ವಿಜ್ಞಾನಿ ಲೆವ್ ಆಂದ್ರೆಯೆವಿಚ್ ಆರ್ಟ್ಸಿಮೋವಿಚ್.

ಆತ ಹುಟ್ಟಿದ್ದು 1909ರ ಫೆಬ್ರವರಿ 25ರಂದು, ಮಾಸ್ಕೋದಲ್ಲಿ. ಮಿನ್ಸ್ಕ್ ನಗರದ ವಿಶ್ವವಿದ್ಯಾಲಯದಿಂದ 1928ರಲ್ಲಿ ಪದವಿ ಪಡೆದು, 1930ರಲ್ಲಿ ಲೆನಿನ್‌ಗ್ರಾಡಿನ ಭೌತ-ತಾಂತ್ರಿಕ ಸಂಸ್ಥೆಯನ್ನು ಸೇರಿದ. ಎಲೆಕ್ಟ್ರಾನ್ ಮತ್ತು ಪಾಸಿಟ್ರಾನ್ ಪರಸ್ಪರ ನಾಶವಾಗುವಾಗಲೂ ಸಂವೇಗ ಸಂರಕ್ಷಣೆಯ ನಿಯಮ ಮುರಿಯುವುದಿಲ್ಲ ಎಂಬುದನ್ನು 1936ರಲ್ಲಿ ಅಲಿಖಾನೊವ್ ಮತ್ತು ಅಲಿಖಾನ್ಯಾನ್ ಅವರೊಡನೆ ಪ್ರಯೋಗದಿಂದ ತೋರಿಸಿದ. 1944ರಲ್ಲಿ ಇಗೊರ್ ಕುರ್ಚಾಟೊವ್ ಅವರ ರಹಸ್ಯ ಪ್ರಯೋಗಾಲಯವನ್ನು ಸೇರಿ, ಸಮಸ್ಥಾನಿಗಳನ್ನು ವಿದ್ಯುತ್ಕಾಂತೀಯ ವಿಧಾನದಿಂದ ಬೇರ್ಪಡಿಸುವ ಕೆಲಸದಲ್ಲಿ ತೊಡಗಿದ.

ಪ್ಲಾಸ್ಮಾವನ್ನು ಕಾಂತಕ್ಷೇತ್ರದಲ್ಲಿ ಬಂಧಿಸಬಹುದೆಂದು ಸಖಾರೊವ್ ಮತ್ತು ಟಾಮ್ 1950ರಲ್ಲಿ ಸೂಚಿಸಿದರು. ಮರುವರ್ಷ ಆರಂಭವಾದ ಸಮ್ಮಿಲನ ಯೋಜನೆಯ ಪ್ರಾಯೋಗಿಕ ವಿಭಾಗಕ್ಕೆ ಆರ್ಟ್ಸಿಮೋವಿಚ್ ಮುಖ್ಯಸ್ಥನಾದ. 1952ರಲ್ಲಿ ಆತನ ಪ್ರಯೋಗಾಲಯದಲ್ಲಿ, ಡ್ಯೂಟೀರಿಯಂ ಅನಿಲದ ಮೂಲಕ ಭಾರೀ ವಿದ್ಯುತ್ತನ್ನು ಹಾಯಿಸಿದಾಗ ನ್ಯೂಟ್ರಾನುಗಳು ಕಾಣಿಸಿಕೊಂಡವು. ಸಮ್ಮಿಲನ ಕೈಗೂಡಿತೆಂದು ಸಂಭ್ರಮಿಸಲು ಅಷ್ಟು ಸಾಕಿತ್ತು. ಆದರೆ ಕೂಲಂಕಷ ಪರೀಕ್ಷೆಯಲ್ಲಿ ಬೇರೆಯದೇ ಸಂಗತಿ ಹೊರಬಂತು: ಅವು ಶಾಖದಿಂದ ಹುಟ್ಟಿದವಲ್ಲ, ವಿದ್ಯುತ್ ಕ್ಷೇತ್ರದಿಂದ ವೇಗ ಪಡೆದ ಕೆಲವೇ ಕಣಗಳ ಡಿಕ್ಕಿಯಿಂದ ಹುಟ್ಟಿದವು. ಜ್ವರದ ಒಂದು ಲಕ್ಷಣ ಕಂಡ ಮಾತ್ರಕ್ಕೆ ರೋಗನಿರ್ಣಯವಾಗದು ಎಂದು ವೈದ್ಯ ಕಲಿಯುವ ಪಾಠವನ್ನೇ ಆ ನ್ಯೂಟ್ರಾನುಗಳು ಆತನಿಗೆ ಕಲಿಸಿದವು.

ಅದೇ ಪಾಠವನ್ನು ಬ್ರಿಟನ್ ಬಹಿರಂಗವಾಗಿ ಕಲಿಯಬೇಕಾಯಿತು. 1958ರ ಜನವರಿಯಲ್ಲಿ ‘ಜೀಟಾ’ ಯಂತ್ರದ ಯಶಸ್ಸನ್ನು ಸಾರಿದ ಅಲ್ಲಿಯ ವಿಜ್ಞಾನಿಗಳು ಕೆಲವೇ ತಿಂಗಳಲ್ಲಿ ಆ ಮಾತನ್ನು ಹಿಂತೆಗೆದುಕೊಂಡರು. ಅದೇ ಸೆಪ್ಟೆಂಬರಿನಲ್ಲಿ ಜಿನೀವಾದಲ್ಲಿ ನಡೆದ ಸಮ್ಮೇಳನದಲ್ಲಿ ಸಮ್ಮಿಲನ ಸಂಶೋಧನೆಯ ಗೋಪ್ಯತೆಯ ತೆರೆ ಸರಿಯಿತು. ಸೋವಿಯತ್ ಪಕ್ಷದ ಸಮೀಕ್ಷೆಯನ್ನು ಮಂಡಿಸಿದವನು ಆರ್ಟ್ಸಿಮೋವಿಚ್. ಯಾವ ಒಂದು ದೇಶವೂ ಏಕಾಂಗಿಯಾಗಿ ಈ ಸಮಸ್ಯೆಯನ್ನು ಬಿಡಿಸಲಾರದು ಎಂಬುದು ಆತನ ನಿಲುವಾಗಿತ್ತು.

ಅಂತಾರಾಷ್ಟ್ರೀಯ ಪರಮಾಣು ಶಕ್ತಿ ಸಂಸ್ಥೆಯು ಪ್ಲಾಸ್ಮಾ ಭೌತವಿಜ್ಞಾನ ಮತ್ತು ನಿಯಂತ್ರಿತ ಸಮ್ಮಿಲನದ ಮೊದಲ ಸಮ್ಮೇಳನವನ್ನು 1961ರಲ್ಲಿ ಆಸ್ಟ್ರಿಯಾದ ಸಾಲ್ಜ್‌ಬರ್ಗಿನಲ್ಲಿ ನಡೆಸಿತು. ಅಲ್ಲಿ ಅಮೆರಿಕನ್ನರ ಕೆಲವು ಫಲಿತಾಂಶಗಳನ್ನು ಆರ್ಟ್ಸಿಮೋವಿಚ್ ನಿರ್ದಾಕ್ಷಿಣ್ಯವಾಗಿ ಪ್ರಶ್ನಿಸಿದ. ಆ ಅನುಮಾನದ ಅಲಗು ಮುಂದೆ ಆತನ ಕಡೆಗೇ ತಿರುಗಿತು.

ಆತನ ತಂಡ ಬೆಳೆಸುತ್ತಿದ್ದ ಯಂತ್ರದ ಹೆಸರು ಟೋಕಮಾಕ್. ಅದು ಕೋಡುಬಳೆಯಾಕಾರದ ಕೊಳವೆ. ಸುತ್ತಲಿನ ಸುರುಳಿಗಳ ಕಾಂತಕ್ಷೇತ್ರವೂ ಪ್ಲಾಸ್ಮಾದೊಳಗೇ ಹರಿಯುವ ವಿದ್ಯುತ್ತಿನ ಕಾಂತಕ್ಷೇತ್ರವೂ ಹೆಣೆದುಕೊಂಡು ಬಿಸಿ ಅನಿಲವನ್ನು ಗೋಡೆಗೆ ತಾಗದಂತೆ ಹಿಡಿದಿಡುತ್ತವೆ. 1965ರಲ್ಲಿ ಇಂಗ್ಲೆಂಡಿನ ಕಲಮ್‌ನಲ್ಲಿ ನಡೆದ ಎರಡನೆಯ ಸಮ್ಮೇಳನದಲ್ಲಿ ಇದರ ಫಲಿತಾಂಶಗಳನ್ನು ಮುಂದಿಟ್ಟಾಗ ಪಾಶ್ಚಾತ್ಯರು ನಂಬಲಿಲ್ಲ. ಮೂರನೆಯ ಸಮ್ಮೇಳನ 1968ರ ಆಗಸ್ಟಿನಲ್ಲಿ ಸೈಬೀರಿಯಾದ ನೊವೊಸಿಬಿರ್ಸ್ಕಿನಲ್ಲಿ ನಡೆಯಿತು. ಟಿ-3 ಟೋಕಮಾಕಿನಲ್ಲಿ ಎಲೆಕ್ಟ್ರಾನುಗಳ ತಾಪಮಾನ ಸುಮಾರು 1 ಕೋಟಿ ಡಿಗ್ರಿ ಮುಟ್ಟಿದೆ, ಪ್ಲಾಸ್ಮಾ ಅಂದಿನ ನಿರಾಶಾದಾಯಕ ಅಂದಾಜಿಗಿಂತ ಹತ್ತಾರು ಪಟ್ಟು ಹೆಚ್ಚು ಹೊತ್ತು ನಿಂತಿದೆ ಎಂದು ಆತನ ತಂಡ ವರದಿ ಮಾಡಿತು.

ಸಭೆ ಬೆರಗಾಯಿತು, ಸಂದೇಹವೂ ಉಳಿಯಿತು. ಆ ತಾಪಮಾನ ನೇರವಾಗಿ ಅಳೆದದ್ದಲ್ಲ, ಕಾಂತೀಯ ಮಾಪನಗಳಿಂದ ಊಹಿಸಿದ್ದು. ಕೆಲವೇ ಅತಿವೇಗದ ಎಲೆಕ್ಟ್ರಾನುಗಳು ಲೆಕ್ಕವನ್ನು ಹಿಗ್ಗಿಸಿರಬಹುದಲ್ಲ? 1952ರಲ್ಲಿ ಆರ್ಟ್ಸಿಮೋವಿಚ್ ತನಗೆ ತಾನೇ ಹಾಕಿಕೊಂಡಿದ್ದು ಇದೇ ಜಾತಿಯ ಪ್ರಶ್ನೆ.

ಆತ ವಾದಕ್ಕಿಳಿಯಲಿಲ್ಲ. ಕಲಮ್ ಪ್ರಯೋಗಾಲಯದ ಮುಖ್ಯಸ್ಥ ಪೀಸ್ ಅವರಿಗೆ ಆಹ್ವಾನವಿತ್ತ: ನಿಮ್ಮವರೇ ನಿಮ್ಮ ಲೇಸರ್ ತಂದು ನಮ್ಮ ಯಂತ್ರವನ್ನು ಅಳೆಯಲಿ ಎಂಬುದು ಅದರ ಸಾರ. ಅದೇ ಆಗಸ್ಟಿನಲ್ಲಿ ಸೋವಿಯತ್ ಟ್ಯಾಂಕುಗಳು ಪ್ರಾಗ್ ನಗರವನ್ನು ಹೊಕ್ಕಿದ್ದವು. ಶೀತಲ ಸಮರ ಬಿಗಿಯಾಗಿತ್ತು. ಟಿ-3 ಇದ್ದದ್ದು ಸೋವಿಯತ್ ಪರಮಾಣು ಬಾಂಬಿನ ಕೆಲಸ ನಡೆದ ಸಂಸ್ಥೆಯ ಆವರಣದಲ್ಲಿ. ಆದರೂ 1969ರಲ್ಲಿ ಪೀಕಾಕ್, ರಾಬಿನ್ಸನ್ ಮೊದಲಾದವರ ಬ್ರಿಟಿಷ್ ತಂಡ ಸುಮಾರು 5 ಟನ್ ಉಪಕರಣಗಳೊಡನೆ ಮಾಸ್ಕೋ ತಲುಪಿತು.

ವಿಧಾನ ಸರಳ, ಸಾಧನೆ ಕಠಿಣ. ಲೇಸರ್ ಬೆಳಕು ಎಲೆಕ್ಟ್ರಾನುಗಳಿಗೆ ತಗುಲಿ ಚದುರುತ್ತದೆ. ಅವುಗಳ ವೇಗ ಹೆಚ್ಚಿದಷ್ಟೂ ಚದುರಿದ ಬೆಳಕಿನ ತರಂಗಾಂತರ ಅಗಲಕ್ಕೆ ಹರಡುತ್ತದೆ. ಆ ಅಗಲವೇ ಉಷ್ಣಮಾಪಕ. ಬೆರಳೆಣಿಕೆಯ ವೇಗದ ಕಣಗಳು ಅದನ್ನು ವಂಚಿಸಲಾರವು. ಫಲಿತಾಂಶ 1969ರ ನವೆಂಬರಿನಲ್ಲಿ ‘ನೇಚರ್’ ಪತ್ರಿಕೆಯಲ್ಲಿ ಪ್ರಕಟವಾಯಿತು: ಆರ್ಟ್ಸಿಮೋವಿಚ್ ತಂಡದ ಲೆಕ್ಕ ಸರಿಯಾಗಿತ್ತು.

ಅಮೆರಿಕದ ಪ್ರಿನ್ಸ್‌ಟನ್ ಪ್ರಯೋಗಾಲಯ 1970ರಲ್ಲಿ ತನ್ನ ದೊಡ್ಡ ಸ್ಟೆಲರೇಟರನ್ನು ಟೋಕಮಾಕ್ ಆಗಿ ಮಾರ್ಪಡಿಸಿತು. ಇತರ ದೇಶಗಳೂ ಅದೇ ದಾರಿ ಹಿಡಿದವು. ಆದರೆ ಅದರ ಪೂರ್ಣ ಫಲವನ್ನು ನೋಡಲು ಆರ್ಟ್ಸಿಮೋವಿಚ್ ಉಳಿಯಲಿಲ್ಲ. 1973ರ ಮಾರ್ಚ್ 1ರಂದು, 64ನೆಯ ವಯಸ್ಸಿನಲ್ಲಿ ಮಾಸ್ಕೋದಲ್ಲಿ ತೀರಿಕೊಂಡ. ಚಂದ್ರನ ಮೇಲಿನ ಒಂದು ಕುಳಿಗೆ ಆತನ ಹೆಸರಿದೆ.

ಗಾಂಧಿನಗರದ ‘ಆದಿತ್ಯ’ ಟೋಕಮಾಕ್ 1989ರಲ್ಲಿ ಕಾರ್ಯಾರಂಭ ಮಾಡಿತು. ಸಾಲ್ಜ್‌ಬರ್ಗಿನಲ್ಲಿ ಮೊದಲಾದ ಸಮ್ಮೇಳನಗಳ ಸರಣಿ 2018ರಲ್ಲಿ ಅದೇ ಗಾಂಧಿನಗರಕ್ಕೂ ಬಂತು. ಫ್ರಾನ್ಸಿನಲ್ಲಿ ಭಾರತವೂ ಸೇರಿ ಹಲವು ದೇಶಗಳು ಕಟ್ಟುತ್ತಿರುವ ‘ಇಟರ್’ ಕೂಡ ಟೋಕಮಾಕೇ. ಸಮ್ಮಿಲನದಿಂದ ಮನೆಮನೆಗೆ ವಿದ್ಯುತ್ತು ಹರಿಯುವ ದಿನ ಇನ್ನೂ ಬಂದಿಲ್ಲ. ಆದರೆ ಆ ದಾರಿಯ ಮೇಲೆ ಜಗತ್ತಿಗೆ ನಂಬಿಕೆ ಹುಟ್ಟಿದ್ದು, ಸಂದೇಹ ಪಟ್ಟವರನ್ನೇ ಬಾಗಿಲು ತೆರೆದು ಒಳಗೆ ಕರೆದದ್ದರಿಂದ. ರೋಗಿಯು ಇನ್ನೊಬ್ಬ ವೈದ್ಯರ ಅಭಿಪ್ರಾಯ ಕೇಳಿದಾಗ ಮುನಿಸಿಕೊಳ್ಳುವ ನಮ್ಮಂಥವರಿಗೆ ಈ ಬಾಳು ಇಂದಿಗೂ ನೆನೆಯತಕ್ಕದ್ದು.