ಮಣ್ಣಿನಲ್ಲಿ ಮದ್ದು ಹುಡುಕಿದ ವಾಕ್ಸ್‌ಮನ್

ಮುಂಗಾರಿನ ಮೊದಲ ಹನಿ ಬಿದ್ದ ಕೂಡಲೇ ಹೊಲದಿಂದ ಘಮ್ ಅಂತ ವಾಸನೆ ಬರುತ್ತಲ್ಲ, ಅದಕ್ಕೆ ಮುಖ್ಯ ಕಾರಣ ಮಣ್ಣಿನಲ್ಲಿರುವ ಸ್ಟ್ರೆಪ್ಟೊಮೈಸಿಸ್ ಎಂಬ ಬ್ಯಾಕ್ಟೀರಿಯಾ. ಇದು ಬೂಷ್ಟಿನ ಹಾಗೆ ಎಳೆ ಬಿಟ್ಟು ಬೆಳೆಯುತ್ತದೆ. ಇದರ ಬೆನ್ನು ಹತ್ತಿದವರು ಸೆಲ್ಮನ್ ವಾಕ್ಸ್‌ಮನ್. ನಮ್ಮ ಅಜ್ಜ ಈಗ ಕ್ಷಯರೋಗದ ಮಾತ್ರೆ ತಗೋತಿದ್ದಾರೆ. ಅದಕ್ಕೇ ನಾನು ಇವರ ಬಗ್ಗೆ ಬರೆಯುತ್ತಿದ್ದೇನೆ.

ವಾಕ್ಸ್‌ಮನ್ 1888ರ ಜುಲೈ 22ರಂದು ಉಕ್ರೇನಿನ ಒಂದು ಸಣ್ಣ ಊರಿನಲ್ಲಿ ಜನಿಸಿದರು. ಆಗ ಅದು ರಷ್ಯಾದ ದೊರೆಯ ಆಳ್ವಿಕೆಯಲ್ಲಿತ್ತು. ಪುಟ್ಟ ತಂಗಿ ಗಂಟಲಮಾರಿಯಿಂದ ತೀರಿಕೊಂಡಳು. 1910ರಲ್ಲಿ ಅಮೆರಿಕಾಕ್ಕೆ ಹೋಗಿ ನೆಂಟರ ತೋಟದಲ್ಲಿ ಇದ್ದುಕೊಂಡು, ನ್ಯೂಜೆರ್ಸಿಯ ರಟ್ಗರ್ಸ್ ಕಾಲೇಜಿನಲ್ಲಿ ಕೃಷಿ ಓದಿದರು. ಗುಂಡಿ ತೋಡಿ, ಬೇರೆ ಬೇರೆ ಆಳದ ಮಣ್ಣಿನಲ್ಲಿ ಎಷ್ಟು ಸೂಕ್ಷ್ಮಜೀವಿಗಳಿವೆ ಅಂತ ಎಣಿಸುವುದೇ ಅವರ ಕೆಲಸ. ಮುಂದೆ ಅಲ್ಲಿಯೇ ಪ್ರಾಧ್ಯಾಪಕರಾದರು.

ಮಣ್ಣಿನ ಒಂದು ಜೀವಿ ಇನ್ನೊಂದನ್ನು ಕೊಲ್ಲುವ ರಸ ಬಿಡುತ್ತದಲ್ಲ, ಅದರಿಂದಲೇ ಮದ್ದು ಮಾಡಬಹುದು ಅಂತ ಅವರು 1939ರ ಹೊತ್ತಿಗೆ ಹುಡುಕಾಟಕ್ಕೆ ಇಳಿದರು. 1940ರಲ್ಲಿ ಸಿಕ್ಕಿದ್ದು ಬಲು ವಿಷ. 1942ರದ್ದೂ ವಿಷವೇ ಆಯ್ತು. 1943ರ ಅಕ್ಟೋಬರಿನಲ್ಲಿ ಅವರ ಶಿಷ್ಯ, 23 ವರ್ಷದ ಆಲ್ಬರ್ಟ್ ಶಾಟ್ಜ್, ನೆಲಮಾಳಿಗೆಯ ಪ್ರಯೋಗಾಲಯದಲ್ಲಿ ಸ್ಟ್ರೆಪ್ಟೊಮೈಸಿನ್ ಕಂಡುಹಿಡಿದರು. ಒಂದು ತಳಿ ಗೊಬ್ಬರ ಹಾಕಿದ ಹೊಲದ್ದು, ಇನ್ನೊಂದು ಕೋಳಿಯ ಗಂಟಲಿನದು! ಆದರೆ 1952ರ ನೊಬೆಲ್ ವಾಕ್ಸ್‌ಮನ್ ಒಬ್ಬರಿಗೇ ಬಂತು. ಅದಕ್ಕೂ ಮೊದಲೇ ಶಾಟ್ಜ್ ಕೋರ್ಟಿಗೆ ಹೋಗಿದ್ದರು. 1950ರ ರಾಜಿಯಲ್ಲಿ ಅವರೂ ಸಹಶೋಧಕರು ಅಂತ ಒಪ್ಪಿಕೊಳ್ಳಬೇಕಾಯ್ತು. ಗುರುಗಳು ಮೊದಲೇ ಒಪ್ಪಿಕೊಂಡಿದ್ದರೆ ಚೆನ್ನಾಗಿತ್ತು ಅಂತ ನನಗನಿಸುತ್ತದೆ.

ಮದ್ದೇನೋ ಸಿಕ್ತು, ರೋಗ ಸೋಲಲಿಲ್ಲ. ಬ್ರಿಟನ್ನಿನಲ್ಲಿ 107 ರೋಗಿಗಳನ್ನು ಎರಡು ಗುಂಪು ಮಾಡಿ ನೋಡಿದರು. 1948ರಲ್ಲಿ ಫಲಿತಾಂಶ ಪ್ರಕಟವಾಯ್ತು. ಆರು ತಿಂಗಳಲ್ಲಿ ಮದ್ದು ಪಡೆದ 55 ಜನರಲ್ಲಿ ಸತ್ತವರು 4, ಬರೀ ವಿಶ್ರಾಂತಿ ಪಡೆದ 52ರಲ್ಲಿ 14. ಎಂಥ ಸಂತೋಷ! ಆದರೆ ಐದು ವರ್ಷ ಕಳೆಯುವಷ್ಟರಲ್ಲಿ ಮದ್ದು ಪಡೆದವರಲ್ಲೂ 32 ಜನ ತೀರಿಕೊಂಡಿದ್ದರು.

ಯಾಕೆ ಹೀಗಾಯ್ತು? ಪ್ರತಿ ಬ್ಯಾಕ್ಟೀರಿಯಾದ ಒಳಗೆ ಪ್ರೋಟೀನ್ ತಯಾರಿಸುವ ರೈಬೋಸೋಮ್ ಎಂಬ ಯಂತ್ರಗಳಿವೆ. ಸ್ಟ್ರೆಪ್ಟೊಮೈಸಿನ್ ಅದಕ್ಕೆ ಅಂಟಿಕೊಂಡು ಕೆಲಸ ಕೆಡಿಸುತ್ತದೆ. ಕೋಟಿಗಟ್ಟಲೆ ಕ್ಷಯದ ರೋಗಾಣುಗಳಲ್ಲಿ ಕೆಲವಕ್ಕೆ ಮೊದಲೇ ಒಂದು ಜೀನ್ ಬದಲಾಗಿರುತ್ತದೆ, ಅಂಥವಕ್ಕೆ ಮದ್ದು ಅಂಟುವುದಿಲ್ಲ. ಉಳಿದವು ಸತ್ತ ಮೇಲೆ ಇವೇ ಬೆಳೆಯುತ್ತವೆ.

ಯಂತ್ರದ ಬಿಡಿಭಾಗ ಬದಲಾದರೆ ಯಂತ್ರ ಮೊದಲಿನ ಹಾಗೆ ಓಡುತ್ತದೆಯೇ? ಕೆಲವು ಬ್ಯಾಕ್ಟೀರಿಯಾಗಳು ನಿಧಾನವಾಗಿ ಬೆಳೆಯುತ್ತವೆ. ಕೆಲವಕ್ಕಂತೂ ಸ್ಟ್ರೆಪ್ಟೊಮೈಸಿನ್ ಇಲ್ಲದೆ ಬೆಳೆಯೋಕೇ ಆಗಲ್ಲ! ಸ್ಟ್ರೆಪ್ಟೊಮೈಸಿಸ್‌ನ ಒಂದು ಜಾತಿಯಲ್ಲಿ ಇಂಥದೇ ಬದಲಾವಣೆಯಾದಾಗ ಅದು ತನ್ನ ನೀಲಿ ಬಣ್ಣದ ಆಂಟಿಬಯೋಟಿಕ್ಕನ್ನು ಹೆಚ್ಚು ತಯಾರಿಸಿತು ಅಂತ ಜಪಾನಿನ ವಿಜ್ಞಾನಿಗಳು 1996ರಲ್ಲಿ ತಿಳಿಸಿದರು. ಆದರೆ ಬೆಳವಣಿಗೆಗೆ ಹೆಚ್ಚುಕಡಿಮೆ ತೊಂದರೆಯನ್ನೇ ಕೊಡದ ಒಂದು ಬದಲಾವಣೆಯೂ ಇದೆ. ರೋಗಿಗಳ ಕಫದಲ್ಲಿ ಹೆಚ್ಚಾಗಿ ಕಾಣುವುದು ಅದೇ. ಕುಂಟುವವು ಹಿಂದೆ ಬೀಳುತ್ತವೆ, ಓಡುವವು ಹರಡುತ್ತವೆ.

ಒಂದು ಮದ್ದು ತಪ್ಪಿಸಿಕೊಂಡ ರೋಗಾಣುವನ್ನು ಇನ್ನೊಂದು ಹಿಡಿಯಲಿ ಅಂತ, ಆಮೇಲೆ ಎರಡು ಮೂರು ಮದ್ದು ಒಟ್ಟಿಗೆ ಕೊಡುವ ಪದ್ಧತಿ ಬಂತು. 1956ರಲ್ಲಿ ಮದ್ರಾಸಿನಲ್ಲಿ ಶುರುವಾದ ಕೇಂದ್ರವು, ಮನೆಯಲ್ಲೇ ಇದ್ದು ಮದ್ದು ತಗೊಂಡರೂ ಕ್ಷಯ ವಾಸಿಯಾಗುತ್ತೆ ಅಂತ ತೋರಿಸಿತು. ವಾಕ್ಸ್‌ಮನ್ 1973ರ ಆಗಸ್ಟ್ 16ರಂದು ನಿಧನರಾದರು.

ನಮ್ಮ ಅಜ್ಜನಿಗೆ ಎರಡೇ ತಿಂಗಳಿಗೆ ಕೆಮ್ಮು ನಿಂತು, ಇನ್ನು ಮಾತ್ರೆ ಸಾಕು ಅಂತ ಹಟ ಹಿಡಿದಿದ್ದರು. ನಾನು ಇದನ್ನೆಲ್ಲ ಓದಿ ಹೇಳಿದೆ. ಒಂದು ಮಾತೂ ಆಡದೆ ನೀರು ಕೇಳಿದರು. ಈಗ ಅಜ್ಜಿ ಕ್ಯಾಲೆಂಡರಿನಲ್ಲಿ ದಿನಾ ಗೆರೆ ಹಾಕುತ್ತಾರೆ. ಆರು ತಿಂಗಳಾಗಲು ಇನ್ನೂ 41 ದಿನ ಇದೆ.