ಲಿಡಿಯಾದ ಅರಸು ಕ್ರೀಸಸ್

ಅಂಗಡಿಯವನು ಕೊಟ್ಟ ಚಿಲ್ಲರೆಯನ್ನು ನಾವು ಎಣಿಸಿಕೊಳ್ಳುತ್ತೇವೆಯೇ ಹೊರತು ತೂಗಿ ನೋಡುವುದಿಲ್ಲ. ಒರೆಗಲ್ಲಿಗೆ ತಿಕ್ಕಿಯೂ ನೋಡುವುದಿಲ್ಲ. ಈ ನಂಬಿಕೆಯು ಮನುಷ್ಯನಿಗೆ ಸುಲಭವಾಗಿ ಬಂದುದಲ್ಲ. ಅದನ್ನು ಬೆಳೆಸಿದವರಲ್ಲಿ ಲಿಡಿಯಾದ ಅರಸನಾದ ಕ್ರೀಸಸನು ಅಗ್ರಗಣ್ಯನು.

ಇಂದಿನ ತುರ್ಕಿ ದೇಶದ ಪಶ್ಚಿಮ ಭಾಗದಲ್ಲಿ ಲಿಡಿಯಾ ರಾಜ್ಯವಿದ್ದಿತು. ಅದರ ರಾಜಧಾನಿ ಸಾರ್ಡಿಸ್. ಅಲ್ಲಿ ಹರಿಯುವ ಪ್ಯಾಕ್ಟೋಲಸ್ ಹೊಳೆಯ ಮರಳಿನಲ್ಲಿ ಚಿನ್ನದ ಕಣಗಳು ದೊರೆಯುತ್ತಿದ್ದವು. ಕ್ರೀಸಸನು ತನ್ನ ತಂದೆ ಅಲ್ಯಾಟೀಸನ ತರುವಾಯ, ಕ್ರಿ. ಪೂ. ೫೬೦ರ ಸುಮಾರಿನಲ್ಲಿ ಪಟ್ಟವೇರಿದನು. ಆಗ ಅವನಿಗೆ ೩೫ ವರ್ಷ ಪ್ರಾಯವೆಂದು ಗ್ರೀಕ್ ಇತಿಹಾಸಕಾರನಾದ ಹೆರೊಡೋಟಸನಿಂದ ತಿಳಿಯುತ್ತದೆ. ಅವನು ಸಮುದ್ರತೀರದ ಗ್ರೀಕ್ ಪಟ್ಟಣಗಳನ್ನು ಗೆದ್ದು ಕಪ್ಪ ಪಡೆದನು. ಎಫಿಸಸ್ ನಗರದ ಆರ್ಟೆಮಿಸ್ ದೇವಿಯ ಮಂದಿರಕ್ಕೆ ಕಂಬಗಳನ್ನು ದಾನಮಾಡಿದನು.

ಅವನಿಗಿಂತ ಮೊದಲೇ ಲಿಡಿಯಾದಲ್ಲಿ ನಾಣ್ಯಗಳಿದ್ದವು. ಆದರೆ ಅವು ಚಿನ್ನ ಬೆಳ್ಳಿಗಳು ಕೂಡಿದ ಎಲೆಕ್ಟ್ರಮ್ ಎಂಬ ಮಿಶ್ರಲೋಹದವು. ಪೂರ್ಣ ನಾಣ್ಯದ ತೂಕ ಸುಮಾರು ೧೪ ಗ್ರಾಂ. ಅದರ ೯೬ರಲ್ಲಿ ಒಂದು ಪಾಲಿನಷ್ಟು, ಬೆರಳ ತುದಿಯಲ್ಲಿ ನಿಲ್ಲುವಂತಹ ಕಿರುನಾಣ್ಯಗಳೂ ಇದ್ದವು. ತೂಕವು ಸರಿಯಿದ್ದರೂ ಒಳಗೆ ಚಿನ್ನವೆಷ್ಟು, ಬೆಳ್ಳಿಯೆಷ್ಟು ಎಂಬುದು ಕೊಳ್ಳುವವನ ಕಣ್ಣಿಗೆ ಕಾಣುತ್ತಿರಲಿಲ್ಲ.

ಕ್ರೀಸಸನ ಕಾಲದಲ್ಲಿ ಈ ಸಂದೇಹಕ್ಕೆ ಪರಿಹಾರ ದೊರೆಯಿತು. ಲೋಹವನ್ನು ತೆಳುವಾದ ತಗಡಾಗಿ ಬಡಿದು, ಉಪ್ಪಿನೊಡನೆ ಮಣ್ಣಿನ ಗಡಿಗೆಯಲ್ಲಿಟ್ಟು, ಕರಗದಂತೆ ಹದವಾದ ಉರಿಯಲ್ಲಿ ಬಹಳ ಹೊತ್ತು ಕಾಯಿಸುತ್ತಿದ್ದರು. ಬೆಳ್ಳಿಯು ಉಪ್ಪಿನ ಅಂಶದೊಡನೆ ಕೂಡಿ ಬೇರ್ಪಡುತ್ತಿತ್ತು. ಚೊಕ್ಕ ಚಿನ್ನವು ಉಳಿಯುತ್ತಿತ್ತು. ಇಂತಹ ಕುಲುಮೆಗಳ ಅವಶೇಷಗಳು ೧೯೬೮ರಲ್ಲಿ ಸಾರ್ಡಿಸಿನ ಉತ್ಖನನದಲ್ಲಿ ದೊರೆತಿವೆ. ಹೀಗೆ ಚಿನ್ನಕ್ಕೊಂದು, ಬೆಳ್ಳಿಗೊಂದು ಪ್ರತ್ಯೇಕ ನಾಣ್ಯ ಹುಟ್ಟಿತು. ಎರಡರ ಮೇಲೂ ಎದುರುಬದುರಾಗಿ ನಿಂತ ಸಿಂಹ ಮತ್ತು ಗೂಳಿಗಳ ಮುದ್ರೆ. ಮೊದಲು ಎರಡರ ತೂಕವೂ ಸುಮಾರು ೧೦.೭ ಗ್ರಾಂ, ಅನಂತರ ಚಿನ್ನದ ನಾಣ್ಯವು ಸುಮಾರು ೮.೧ ಗ್ರಾಂಗೆ ಇಳಿಯಿತು. ಚಿನ್ನಕ್ಕೆ ಅದೇ ತೂಕದ ಬೆಳ್ಳಿಗಿಂತ ೧೩ ಪಾಲಿಗೂ ತುಸು ಹೆಚ್ಚು ಬೆಲೆಯಿದ್ದುದರಿಂದ, ಹಗುರವಾದ ಒಂದು ಚಿನ್ನದ ನಾಣ್ಯಕ್ಕೆ ೧೦ ಬೆಳ್ಳಿಯ ನಾಣ್ಯಗಳು ಸಮನಾದುವೆಂದು ವಿದ್ವಾಂಸರು ಗಣಿಸಿದ್ದಾರೆ. ಲೆಕ್ಕವು ಸುಲಭವಾಯಿತು.

ಇಷ್ಟು ಹೊನ್ನಿದ್ದರೂ ಅರಸನಿಗೆ ನೆಮ್ಮದಿಯಿರಲಿಲ್ಲ. ಅವನ ಒಬ್ಬ ಮಗನು ಬೇಟೆಯಲ್ಲಿ ಗುರಿತಪ್ಪಿದ ಈಟಿಗೆ ಬಲಿಯಾದನೆಂದೂ ಇನ್ನೊಬ್ಬನಿಗೆ ಮಾತು ಬರುತ್ತಿರಲಿಲ್ಲವೆಂದೂ ಹೆರೊಡೋಟಸನು ಬರೆದಿದ್ದಾನೆ. ಅಥೆನ್ಸಿನ ಜ್ಞಾನಿಯಾದ ಸೋಲನನಿಗೆ ಕ್ರೀಸಸನು ಬೊಕ್ಕಸವನ್ನು ತೋರಿಸಿ, ಪರಮಸುಖಿಯೆಂದು ಹೊಗಳಿಸಿಕೊಳ್ಳಲು ಬಯಸಿದನಂತೆ. ಬಾಳಿನ ಕೊನೆಯನ್ನು ಕಾಣದೆ ಯಾರನ್ನೂ ಸುಖಿಯೆನ್ನಲಾಗದೆಂದು ಸೋಲನನು ತಿಳಿಸಿದನಂತೆ. ಮುಂದೆ ಪಾರಸಿಕರ ಮೇಲೆ ದಂಡೆತ್ತುವ ಮುನ್ನ ಅರಸನು ಡೆಲ್ಫಿಯ ದೈವವನ್ನು ಕೇಳಿಸಿದನು. ದಂಡೆತ್ತಿದರೆ ದೊಡ್ಡ ರಾಜ್ಯವೊಂದು ಅಳಿಯುವುದೆಂದು ಉತ್ತರ ಬಂದಿತು. ಅವನು ಹಿಗ್ಗಿದನು. ಅಳಿದುದು ಅವನ ರಾಜ್ಯವೇ! ಕ್ರಿ. ಪೂ. ೫೪೬ರ ಸುಮಾರಿನಲ್ಲಿ ಪಾರಸಿಕರ ದೊರೆ ಸೈರಸನು ಸಾರ್ಡಿಸನ್ನು ವಶಪಡಿಸಿಕೊಂಡನು. ಚಿತೆಯ ಮೇಲೆ ನಿಂತ ಕ್ರೀಸಸನು ಸೋಲನನ ಹೆಸರನ್ನು ಮೂರು ಸಲ ಕರೆದನೆಂದೂ ಅದರ ಕಾರಣವನ್ನು ತಿಳಿದ ಸೈರಸನು ಮನಕರಗಿ ಅವನನ್ನು ಉಳಿಸಲೆಳಸಿದನೆಂದೂ ಕಥೆಯಿದೆ.

ಗೆದ್ದವರು ಬೊಕ್ಕಸವನ್ನು ಕೊಂಡೊಯ್ದರು. ನಾಣ್ಯದ ಪದ್ಧತಿಯನ್ನು ಮಾತ್ರ ಕೆಡಿಸಲಿಲ್ಲ. ಡೇರಿಯಸನು ತನ್ನದೇ ಚಿನ್ನದ ನಾಣ್ಯವನ್ನು ಹೊರಡಿಸುವವರೆಗೂ ಸಿಂಹ ಗೂಳಿಗಳ ಮುದ್ರೆಯನ್ನೇ ಒತ್ತಿಸುತ್ತಿದ್ದರು. ಕ್ರೀಸಸನು ಕೂಡಿಟ್ಟ ಹೊನ್ನು ಹಗೆಗಳ ಪಾಲಾಯಿತು. ಜನರ ಕೈಗೆ ಕೊಟ್ಟ ಚೊಕ್ಕ ನಾಣ್ಯವು ಹಗೆಗಳ ನಾಡಿನಲ್ಲಿಯೂ ನಡೆಯಿತು. ಚಿಲ್ಲರೆಯನ್ನು ಎಣಿಸುವಾಗಲೊಮ್ಮೆ ನಾವು ಅವನನ್ನು ನೆನೆಯೋಣ.